ಎಂಜಲು ಬ್ರಷ್

ನನ್ನ ಮಗಳು ಯಾರ ಮನೆಯ ಒಂದು ಹುಲ್ಲುಕಡ್ಡಿಯನ್ನೂ ಕದ್ದವಳಲ್ಲ. ಇದನ್ನು ಮೊದಲಿಗೇ ಬರೆದುಬಿಡುತ್ತೇನೆ. ಕದ್ದಿದ್ದಾಳೆ ಎಂದು ಒಂದು ದೊಡ್ಡ ಕಂಪನಿ ಅವಳಿಗೆ ನೋಟಿಸು ಕಳಿಸಿತ್ತು, ಅದಕ್ಕೆ. ಏನು ಕದ್ದಳು ಎಂದು ಕೇಳಿದರೆ ನಿಮಗೆ ನಗು ಬರಬಹುದು. ಎಂಜಲು. ಅವಳಪ್ಪನ ಬ್ರಷ್ಷಿನಲ್ಲಿ ಉಳಿದಿದ್ದ ಬಣ್ಣದ ಎಂಜಲು. ನನಗೆ ಮಾತ್ರ ಇವತ್ತಿಗೂ ನಗು ಬರುವುದಿಲ್ಲ, ಮೈ ಉರಿಯುತ್ತದೆ.

ನಮ್ಮವರು ಅಂಗಡಿಗಳ ಬೋರ್ಡು ಬರೆಯುತ್ತಿದ್ದರು. ಸೈಕಲ್ ಅಂಗಡಿ, ಟೈಲರ್ ಅಂಗಡಿ, ಔಷಧಿ ಅಂಗಡಿ, ಹಲ್ಲಿನ ಡಾಕ್ಟರರ ಬಾಗಿಲು, ಲಾರಿಗಳ ಹಿಂಭಾಗ, ಎಲ್ಲ ಕಡೆ ಅವರದೇ ಅಕ್ಷರ. ಬೀದಿಯವರು ಬೋರ್ಡು ಮೇಷ್ಟ್ರು ಎಂದು ಕರೆಯುತ್ತಿದ್ದರು. ಮೇಷ್ಟ್ರು ಎಂಬ ಹೆಸರಿಗೆ ತಕ್ಕ ಶಿಸ್ತು ಮಾತ್ರ ಒಂದಿಷ್ಟೂ ಇರಲಿಲ್ಲ. ಒಂದು ಬಣ್ಣ ಬಿಟ್ಟು ಇನ್ನೊಂದು ಬಣ್ಣಕ್ಕೆ ಹೋಗುವಾಗ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಟ್ಟೆಯಲ್ಲಿ ಒರೆಸಬೇಕು. ಎಲ್ಲ ಪೇಂಟರುಗಳೂ ಮಾಡುವುದು ಹಾಗೆ. ಇವರು ಡಬ್ಬಿಯ ಅಂಚಿಗೆ ಒಮ್ಮೆ ಎಳೆದು, ಹಾಕಿಕೊಂಡ ಬನಿಯನ್ನಿಗೆ ಒಮ್ಮೆ ಸವರಿ, ಸೀದಾ ಮುಂದಿನ ಡಬ್ಬಿಗೆ ಇಳಿಸುವರು. ಕೆಂಪಿನೊಳಗೆ ಹಳದಿಯ ಎಳೆ, ನೀಲಿಯೊಳಗೆ ಕೆಂಪಿನ ಎಳೆ. ಆ ಬನಿಯನ್ನುಗಳನ್ನು ಕಲ್ಲಿಗೆ ಕುಕ್ಕಿ ಕುಕ್ಕಿ ನನ್ನ ರಟ್ಟೆ ಬಿದ್ದುಹೋಗುತ್ತಿತ್ತು.

"ರೀ, ತೊಳೆದ್ರೆ ಕೈ ಸವೆದು ಹೋಗತ್ತಾ? ಉಂಡ ಕೈಲಿ ಪಾತ್ರೆಗೆಲ್ಲ ಕೈ ಹಾಕಿದ ಹಾಗೆ ಇದ್ದಬದ್ದ ಡಬ್ಬೀನೆಲ್ಲ ಎಂಜಲು ಮಾಡ್ತೀರಲ್ಲ!"

"ಎಂಜಲಲ್ಲೇ ಕಣೇ ರುಚಿ ಇರೋದು" ಎಂದು ಮೀಸೆಯೊಳಗೇ ನಗುವರು.

ಆ ರುಚಿ ಏನು ಎನ್ನುವುದು ಬೋರ್ಡಿನ ಮುಂದೆ ನಿಂತರೆ ಕಾಣುತ್ತಿತ್ತು. ಹಳದಿ ಉಳಿದ ಬ್ರಷ್ಷಿನಿಂದ ಕೆಂಪು ಗೆರೆ ಎಳೆದರೆ, ಗೆರೆಯ ಶುರುವಿನಲ್ಲಿ ಒಂದು ಪಕ್ಕಕ್ಕೆ ಹಳದಿಯ ಹೊಳಪು ಇರುತ್ತಿತ್ತು. ಎಳೆಯುತ್ತ ಹೋದಂತೆ ಆ ಹಳದಿ ಸವೆದು, ತಿರುವು ದಾಟುವ ಹೊತ್ತಿಗೆ ಬರೀ ಕೆಂಪು. ಅಕ್ಷರಕ್ಕೆ ಒಂದು ಕಡೆಯಿಂದ ಬಿಸಿಲು ಬಿದ್ದ ಹಾಗೆ. ಬೇರೆ ಪೇಂಟರುಗಳು ಎರಡು ಬ್ರಷ್ ಹಿಡಿದು, ಶೇಡ್ ಕೊಟ್ಟು, ಬೆವರು ಸುರಿಸಿ ಮಾಡುವುದು ಇವರ ಸೋಮಾರಿತನದಲ್ಲಿ ತಾನಾಗಿ ಬರುತ್ತಿತ್ತು. ಎಂಜಲು ಎಂದು ನಾನು ಬೈಗುಳವಾಗಿ ಆಡಿದ ಮಾತನ್ನೇ ಅವರು ಆ ಕೆಲಸಕ್ಕೆ ಹೆಸರಾಗಿ ಇಟ್ಟುಕೊಂಡರು. "ಈ ಬೋರ್ಡಿಗೆ ಸ್ವಲ್ಪ ಎಂಜಲು ಬೇಕು" ಎನ್ನುವರು.

ನಮಗೆ ಒಬ್ಬಳೇ ಮಗಳು. ಸಿಕ್ಕಿದ ಕಡೆಯೆಲ್ಲ ಬಣ್ಣದ ಬೊಟ್ಟು ಇಡುತ್ತಿದ್ದಳೆಂದು ಅವರಪ್ಪ ಚುಕ್ಕಿ ಎಂದು ಕರೆದರು, ಅದೇ ನಿಂತುಬಿಟ್ಟಿತು. ಅಪ್ಪ ಏಣಿಯ ಮೇಲಿದ್ದರೆ ಇವಳು ಏಣಿಯ ಕೆಳಗೆ ಡಬ್ಬಿ ಹಿಡಿದು ನಿಲ್ಲುವಳು. ಕತ್ತು ಎತ್ತಿ ನೋಡಿ ನೋಡಿ ಮುಖದ ತುಂಬ ಬಣ್ಣ ಸಿಡಿದಿರುತ್ತಿತ್ತು.

"ಅಪ್ಪಾ, ಈ ಗೆರೆ ಯಾಕೆ ಮೊದಲು ಹಳದಿ, ಆಮೇಲೆ ಕೆಂಪು?"

"ಅದು ನಿಮ್ಮಮ್ಮ ಬೈಯೋ ಗೆರೆ ಮಗಳೆ. ಬೈಗುಳ ಕಮ್ಮಿ ಆಗ್ತಾ ಹೋದ ಹಾಗೆ ಕೆಂಪಾಗತ್ತೆ."

ಆಮೇಲೆ ಫ್ಲೆಕ್ಸ್ ಬಂತು. ಬೆಳಿಗ್ಗೆ ಹೇಳಿದರೆ ಸಂಜೆಗೆ ಬೋರ್ಡು. ಅವರ ಅಕ್ಷರಗಳನ್ನು ಒಂದೊಂದಾಗಿ ಇಳಿಸಿ, ಆ ಜಾಗದಲ್ಲಿ ಪ್ಲಾಸ್ಟಿಕ್ ಬಿಗಿದರು. ತಗಡುಗಳು ಗುಜರಿಗೆ ಹೋದವು, ಕೋಳಿಗೂಡಿಗೆ ಚಾವಣಿಯಾದವು. ಇವರು ಬೀದಿಯಲ್ಲಿ ಕೈ ಹಿಂದೆ ಕಟ್ಟಿಕೊಂಡು ನಡೆಯುತ್ತ, "ನೋಡೇ, ಅಕ್ಷರ ಎಲ್ಲಾ ತಲೆಗೆ ಸ್ನಾನ ಮಾಡಿ ಸಾಲಾಗಿ ನಿಂತಿರೋ ಹಾಗಿದೆ. ಎಂಜಲೇ ಇಲ್ಲ" ಎನ್ನುವರು.

ಅಂಥ ಹೊತ್ತಿನಲ್ಲಿ ಚುಕ್ಕಿ ಹೋಗಿ ಸೇರಿದ್ದು ಫ್ಲೆಕ್ಸ್ ಅಂಗಡಿಯಲ್ಲೇ, ಕಂಪ್ಯೂಟರಿನ ಮುಂದೆ ಡಿಸೈನ್ ಮಾಡುವ ಕೆಲಸಕ್ಕೆ. ಮನೆಗೆ ಅನ್ನ ಬರಬೇಕಲ್ಲ. ಅಪ್ಪ ಅವಳ ಕೂಡೆ ಮಾತು ಬಿಟ್ಟರು. ತಟ್ಟೆಯನ್ನು ಕೂಡ ಅವಳ ಕಡೆ ಬೆನ್ನು ಮಾಡಿ ಇಟ್ಟುಕೊಳ್ಳುವರು. ಒಂದು ದಿನ ಏನನ್ನಿಸಿತೋ, ಎದ್ದು ಆ ಅಂಗಡಿಗೇ ಹೋದರು. ನಾನೂ ಹಿಂದೆಯೇ ಹೋದೆ, ಏನು ರಂಪ ಮಾಡುತ್ತಾರೋ ಎಂದು. ಅವಳ ಕುರ್ಚಿಯ ಹಿಂದೆ ನಿಂತು ಬಹಳ ಹೊತ್ತು ನೋಡಿದರು.

"ಇದರಲ್ಲಿ ಬ್ರಷ್ ತೊಳೀಲೇಬೇಕಾ?"

"ಇದು ತಾನೇ ತೊಳ್ಕೊಳತ್ತೆ ಅಪ್ಪಾ. ಬಣ್ಣ ಬದಲಾಯಿಸಿದಾಗೆಲ್ಲ ಹೊಸಾ ಬ್ರಷ್ಷೇ."

"ಹಾಗಾದ್ರೆ ನಿಮ್ಮಮ್ಮ ಹೇಳಿ ಮಾಡಿಸಿದ ಮಿಷನ್ನು ಇರಬೇಕು" ಎಂದರು. ಅಂಗಡಿಯವರೆಲ್ಲ ನಕ್ಕರು. ಚುಕ್ಕಿ ನಗಲಿಲ್ಲ. ಪರದೆಯನ್ನೇ ನೋಡುತ್ತ ಕೂತಿದ್ದಳು. ಅವಳ ತಲೆಗೆ ಹುಳ ಹೊಕ್ಕದ್ದು ಆಗಲೇ.

ಅವರು ಮುಂದೆ ಬಹಳ ದಿನ ಇರಲಿಲ್ಲ. ಕೆಮ್ಮು ಎಂದು ಮಲಗಿದವರು ಏಳಲಿಲ್ಲ. ಬ್ರಷ್ಷುಗಳ ಡಬ್ಬಿಯನ್ನು ನಾನು ಅಟ್ಟದ ಮೇಲೆ ಇಟ್ಟೆ. ಅದರಲ್ಲಿ ಒಂದನ್ನೂ ತೊಳೆದಿರಲಿಲ್ಲ.

ಚುಕ್ಕಿ ಆ ಡಬ್ಬಿಯನ್ನು ಇಳಿಸಿದಳು. ಫ್ಲೆಕ್ಸ್ ಅಂಗಡಿಯ ಕೆಲಸ ಬಿಟ್ಟು, ಶಾಲೆಯ ಪುಸ್ತಕಗಳಿಗೆ ಚಿತ್ರ ಮಾಡಿಕೊಡುತ್ತ, ಉಳಿದ ಹೊತ್ತಿನಲ್ಲಿ ಪ್ರೋಗ್ರಾಂ ಬರೆಯುವುದನ್ನು ಕಲಿತು, ಚಿತ್ರ ಬರೆಯುವವರಿಗಾಗಿ ತಾನೇ ಒಂದು ಸಾಫ್ಟ್‌ವೇರ್ ಕಟ್ಟಲು ಕೂತಳು. ಅವಳ ಜೊತೆಗೆ ಅದೇ ಅಂಗಡಿಯಲ್ಲಿ ಮಿಷನ್ ನಡೆಸುತ್ತಿದ್ದ ಒಬ್ಬ ಹುಡುಗ, ಎದೆಯವರೆಗೆ ಗಡ್ಡ ಬಿಟ್ಟವನು. ನಾನು ಗಡ್ಡ ಎಂದೇ ಕರೆಯುತ್ತಿದ್ದೆ, ಅವನೂ ಹೂಂ ಎನ್ನುತ್ತಿದ್ದ. ನಮ್ಮ ಮುಂದಿನ ಕೋಣೆಯಲ್ಲಿ ಚುಕ್ಕಿಯ ಅಪ್ಪ ಬೋರ್ಡು ಹಾಸುತ್ತಿದ್ದ ಹಲಗೆಯ ಮೇಲೆ ಎರಡು ಕಂಪ್ಯೂಟರ್ ಕೂತವು. ನೆಲದ ತುಂಬ ವೈರು. ನೆಲ ಒರೆಸಬೇಕಾದರೆ ನಾನು ಹಾವು ದಾಟಿದ ಹಾಗೆ ದಾಟಬೇಕು.

ಅವಳಿಗೆ ಬೇಕಾದದ್ದು ಒಂದೇ. ಕಂಪ್ಯೂಟರಿನ ಬ್ರಷ್ಷಿಗೆ ಎಂಜಲು ಕಲಿಸಬೇಕು. ಅಪ್ಪನ ಬ್ರಷ್ಷನ್ನು ಹಳದಿಗೆ ಅದ್ದುವಳು, ಸವರುವಳು, ಕೆಂಪಿಗೆ ಅದ್ದಿ ಹಾಳೆಯ ಮೇಲೆ ಎಳೆಯುವಳು. ಎಷ್ಟು ದೂರ ಹೋದ ಮೇಲೆ ಹಳದಿ ಸತ್ತಿತು, ಯಾವ ಕಡೆಯ ಕೂದಲಿನಲ್ಲಿ ಹೆಚ್ಚು ಉಳಿಯಿತು ಎಂದು ನೋಡುವಳು. ಆಮೇಲೆ ಕಂಪ್ಯೂಟರಿಗೆ ಏನೋ ಬರೆಯುವಳು. ಆಮೇಲೆ ನನ್ನನ್ನು ಕರೆಯುವಳು.

"ಅಮ್ಮಾ, ಇದು ಅಪ್ಪಂದಾ?"

"ಅಲ್ಲ ಕಣೆ. ಇದು ಕೊಳೆ. ಕಾಲುವೆ ನೀರಿನ ಹಾಗಿದೆ."

ಮತ್ತೆ ಕೂರುವಳು. ಗಡ್ಡ ತಲೆ ಕೆರೆದುಕೊಳ್ಳುವನು, "ಅಮ್ಮಾ, ಪಾಸಾದ್ರೂ ಮಾಡಿ, ಫಸ್ಟ್ ಕ್ಲಾಸ್ ಬೇಡ." ಮಳೆಗಾಲ ಹೋಯಿತು, ಬೇಸಿಗೆ ಹೋಯಿತು, ಮತ್ತೆ ಮಳೆ ಬಂತು. ಒಂದು ಮಧ್ಯಾಹ್ನ ನಾನು ಕಾಳು ಆರಿಸುತ್ತ ಕೂತಿದ್ದೆ. ಅವಳು ಏನೂ ಕೇಳದೆ ಪರದೆಯ ಮೇಲೆ ಒಂದು ದೊಡ್ಡ 'ಅ' ಬರೆದಳು. ಗೆರೆ ಹಳದಿಯಲ್ಲಿ ಹುಟ್ಟಿ, ಹೊಟ್ಟೆ ತಿರುಗಿ, ಕೆಂಪಾಗಿ ನಿಂತಿತು.

"ತೊಳೀಬಾರ್ದಾ ರೀ!" ಎಂದುಬಿಟ್ಟೆ. ಬಾಯಿಗೆ ತಾನಾಗಿ ಬಂತು. ಗಡ್ಡನಿಗೆ ಅರ್ಥವಾಗಲಿಲ್ಲ. ಚುಕ್ಕಿ ಮಾತ್ರ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತುಬಿಟ್ಟಳು.

ಆ ಬ್ರಷ್ಷಿಗೆ ಅವಳಿಟ್ಟ ಹೆಸರು ಎಂಜಲು. ಸಾಫ್ಟ್‌ವೇರನ್ನು ಯಾರು ಬೇಕಾದರೂ ತೆಗೆದುಕೊಳ್ಳಿ ಎಂದು ಬಿಟ್ಟುಬಿಟ್ಟಳು. ಇಷ್ಟವಿದ್ದವರು ಏನಾದರೂ ಕಳಿಸುತ್ತಿದ್ದರು. ಮಕ್ಕಳ ಪುಸ್ತಕಕ್ಕೆ ಚಿತ್ರ ಮಾಡುವವರು, ಕಾರ್ಟೂನ್ ಮಾಡುವವರು, ಸೀರೆಯ ಅಂಚಿನ ಡಿಸೈನ್ ಮಾಡುವವರು, ಯಾವುದೋ ದೇಶದವರು, ನಮ್ಮ ಮಾತು ಬಾರದವರು, ಎಲ್ಲರೂ ಬಾಯಿ ತಿರುಗದೆ ಎಂಜುಲು, ಎಂಜಾಲ್ ಎನ್ನುತ್ತ ಅದನ್ನೇ ಹಿಡಿದರು. ಅವರ ಚಿತ್ರಗಳನ್ನು ಚುಕ್ಕಿ ನನಗೆ ತೋರಿಸುವಳು. ಗೆರೆ ನೋಡಿದ ಕೂಡಲೇ ನನಗೆ ಗೊತ್ತಾಗುತ್ತಿತ್ತು. ಕಂಡವರ ಮನೆಯ ಕಿಟಕಿಯಲ್ಲಿ ನಮ್ಮವರ ಬನಿಯನ್ ಒಣಗುತ್ತಿರುವುದನ್ನು ನೋಡಿದ ಹಾಗೆ.

ಇಂಥದೇ ಸಾಫ್ಟ್‌ವೇರನ್ನು ದುಡ್ಡಿಗೆ ಮಾರುವ ಆ ದೊಡ್ಡ ಕಂಪನಿಯ ಕಣ್ಣು ಬಿದ್ದದ್ದು ಆಮೇಲೆ.

ನೋಟಿಸು ತೆಗೆದುಕೊಂಡು ನಾವು ಮೂವರೂ ವಕೀಲಮ್ಮನ ಹತ್ತಿರ ಹೋದೆವು. ಆಕೆ ಚುಕ್ಕಿಯ ಶಾಲೆಯ ಗೆಳತಿ, ಜೆರಾಕ್ಸ್ ಅಂಗಡಿಯ ಮೇಲಿನ ಒಂದು ಕೋಣೆ ಆಫೀಸು. ಕೆಳಗಿನ ಮಿಷನ್ನಿನ ಶಾಖಕ್ಕೆ ಆ ಕೋಣೆ ಬೇಯುತ್ತಿತ್ತು. ಆಕೆ ಎಲ್ಲ ಹಾಳೆ ತಿರುವಿ ಹಾಕಿ, ಕನ್ನಡಕ ತೆಗೆದಿಟ್ಟಳು.

"ಅವರ ಹತ್ರ ಪೇಟೆಂಟ್ ಇದೆ ಚುಕ್ಕಿ. ಬಣ್ಣ ಬದಲಾಯಿಸಿದಾಗ, ಬ್ರಷ್ಷಿನಲ್ಲಿ ಹಿಂದಿನ ವರ್ಣದ ಶೇಷಾಂಶ ಉಳಿದು, ಗೆರೆ ಉದ್ದ ಆದ ಹಾಗೆ ಕಮ್ಮಿ ಆಗೋ ವಿಧಾನ."

"ಶೇಷಾಂಶ ಅಂದ್ರೆ?" ಎಂದೆ ನಾನು.

"ಉಳಿದದ್ದು ಅಮ್ಮ."

"ಎಂಜಲು ಅನ್ನು."

"ಹೂಂ. ಎಂಜಲೇ. ಕಂಪ್ಯೂಟರಿನಲ್ಲಿ ಆ ಎಂಜಲು ಮಾಡೋ ಹಕ್ಕು ಅವರದ್ದು. ಇಪ್ಪತ್ತು ವರ್ಷ ಇನ್ಯಾರೂ ಮಾಡೋ ಹಾಗಿಲ್ಲ."

"ನಾನು ಅವರದ್ದು ನೋಡೇ ಇಲ್ಲ ಕಣೆ" ಎಂದಳು ಚುಕ್ಕಿ. "ಅವರ ಸಾಫ್ಟ್‌ವೇರ್ ನಮ್ಮನೇಲಿ ಇಲ್ವೇ ಇಲ್ಲ. ನಾನು ಅಪ್ಪನ್ನ ನೋಡಿ ಮಾಡಿದ್ದು."

"ನಂಬ್ತೀನಿ. ಆದ್ರೆ ಈ ಕಾನೂನಿನಲ್ಲಿ ನಕಲು ಮಾಡಿಲ್ಲ ಅನ್ನೋದು ಲೆಕ್ಕಕ್ಕೇ ಬರಲ್ಲ. ನೀನು ಕತ್ತಲೇಲಿ ಒಬ್ಬಳೇ ಕೂತು ಕಂಡುಹಿಡಿದಿದ್ರೂ ಅಷ್ಟೆ. ಅವರು ಮೊದಲು ಸರ್ಕಾರಕ್ಕೆ ಬರೆದುಕೊಟ್ಟಿದಾರೆ."

"ಇವಳಪ್ಪ ಅದಕ್ಕಿಂತ ಮೊದಲೇ ಬರೀತಿದ್ರು" ಎಂದೆ. "ಬೀದಿ ತುಂಬ."

"ತಗಡಿನ ಮೇಲೆ ಅಮ್ಮ. ಇವರು ಕೇಳ್ತಿರೋದು ಕಂಪ್ಯೂಟರಿನಲ್ಲಿ ಮಾಡಿದ್ದು. ವಾದ ಮಾಡಬಹುದು, ಇದರಲ್ಲಿ ಹೊಸದೇನಿದೆ, ಪೇಂಟರುಗಳು ಮಾಡೋದೇ ತಾನೆ ಅಂತ. ಗೆದ್ದರೂ ಗೆಲ್ಲಬಹುದು. ಆದ್ರೆ ಕೇಸು ವರ್ಷಗಟ್ಟಲೆ ಎಳೀತಾರೆ. ಅಷ್ಟರಲ್ಲಿ ಇವಳ ಇಡೀ ಸಾಫ್ಟ್‌ವೇರ್ ನಿಲ್ಲಿಸಿ ಅಂತ ಆರ್ಡರ್ ತಂದುಬಿಟ್ರೆ?"

ಗಡ್ಡ ಕೇಳಿದ, "ಅವರ ಸಾಫ್ಟ್‌ವೇರ್‌ನಲ್ಲಿ ಇಂಥ ಬ್ರಷ್ ಇದೆಯಾ?"

"ಇಲ್ಲ. ಹಕ್ಕು ಮಾತ್ರ ಇದೆ. ಬ್ರಷ್ ಮಾಡಿಲ್ಲ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಮಾಡಿಲ್ಲ! ಒಂದು ಗೆರೆ ಎಳೆದವರಲ್ಲ, ಒಂದು ಬನಿಯನ್ ಕೊಳೆ ಮಾಡಿಕೊಂಡವರಲ್ಲ. ಹೀಗೆ ಮಾಡಬಹುದು ಎಂದು ಹಾಳೆಯ ಮೇಲೆ ಬರೆದು, ಮೊಹರು ಹೊಡೆಸಿಕೊಂಡು ಕೂತಿದ್ದಾರೆ, ಯಾರಾದರೂ ಮಾಡಿದರೆ ಮೇಲೆ ಬೀಳೋಣ ಎಂದು. ಬೀದಿಯಲ್ಲಿ ನಡೆಯುವುದಕ್ಕೆ ಹಕ್ಕು ಪಡೆದು ಮನೆಯಲ್ಲಿ ಮಲಗಿದವರನ್ನು ನೀವು ಎಲ್ಲಾದರೂ ಕಂಡಿದ್ದೀರಾ?

"ಹಾಗಾದ್ರೆ ಗೋಡೆ ಮೇಲೆ, ಕೈಯಲ್ಲಿ ಬರೆಯಬಹುದೋ?" ಎಂದು ಕೇಳಿದೆ.

"ಧಾರಾಳವಾಗಿ ಅಮ್ಮ."

"ದೊಡ್ಡ ಮನಸ್ಸು ಅವರದ್ದು!" ಎಂದೆ. ವಕೀಲಮ್ಮ ಹಾಳೆಗಳನ್ನು ಜೋಡಿಸತೊಡಗಿದಳು. ಪಾಪ, ಆಕೆಯ ತಪ್ಪೇನು.

ಕಂಪನಿಯ ಕಡೆಯವನೊಬ್ಬ ಕಂಪ್ಯೂಟರಿನಲ್ಲೇ ಮಾತಾಡಿದ. ಟೈ ಕಟ್ಟಿಕೊಂಡು, ಹಿಂದೆ ಒಂದು ಹೂಕುಂಡ ಇಟ್ಟುಕೊಂಡು ಕೂತಿದ್ದ. ನಮ್ಮ ಮಾತು ಬಲ್ಲವನೇ. ಬಹಳ ನಯ. ಆ ನಯಕ್ಕೇ ನನಗೆ ಪಿತ್ತ ಕೆರಳಿತು.

"ಮೇಡಂ, ನಿಮ್ಮ ಮೇಲೆ ನಮಗೆ ಯಾವ ಕೋಪಾನೂ ಇಲ್ಲ."

"ನಮಗಿದೆ" ಎಂದೆ ನಾನು, ಮೂಲೆಯಿಂದಲೇ.

"ಯಾರದು?"

"ನಮ್ಮಮ್ಮ" ಎಂದಳು ಚುಕ್ಕಿ.

"ನಮಸ್ಕಾರ ಅಮ್ಮ" ಎಂದು ನಕ್ಕ. "ಮೇಡಂ, ಆ ಒಂದು ಬ್ರಷ್ ತೆಗೆದು, ನಾವು ಕಳಿಸೋ ಒಪ್ಪಂದಕ್ಕೆ ಸಹಿ ಮಾಡಿ ಕಳಿಸಿದ್ರೆ ಮುಗೀತು. ನಿಮ್ಮ ಪಾಡಿಗೆ ನೀವು."

ಅವನು ಪರದೆಯಿಂದ ಹೋದ ಮೇಲೆ ಚುಕ್ಕಿ ಎದ್ದು ಅಪ್ಪನ ಬ್ರಷ್ಷುಗಳ ಡಬ್ಬಿಗೆ ಮುಚ್ಚಳ ಹಾಕಿದಳು. ಆಮೇಲೆ, "ತೆಗೆದುಬಿಡ್ತೀನಿ ಅಮ್ಮ. ಎಂಜಲು ಇಟ್ಕೊಂಡ್ರೆ ಊಟಾನೇ ಹೋಗತ್ತೆ. ಇದನ್ನೇ ನಂಬಿಕೊಂಡು ಎಷ್ಟು ಜನ ಚಿತ್ರ ಮಾಡ್ತಿದಾರೆ" ಎಂದಳು. ಬೈಯಲು ಬಾಯಿ ತೆರೆದವಳು ಕಸಬರಿಗೆ ಎತ್ತಿಕೊಂಡೆ. ಅವಳು ಹೇಳಿದ್ದು ಸುಳ್ಳಲ್ಲವಲ್ಲ.

ಒಪ್ಪಂದದ ಕಾಗದ ಬಂತು. ಗಡ್ಡ ಗಟ್ಟಿಯಾಗಿ ಓದಿದ. ಬ್ರಷ್ ತೆಗೆಯುತ್ತೇನೆ, ಮತ್ತೆ ಹಾಕುವುದಿಲ್ಲ, ಸರಿ. ಕೊನೆಯಲ್ಲಿ ಇನ್ನೊಂದು ಸಾಲಿತ್ತು. ಈ ವಿಧಾನವು ಸದರಿ ಕಂಪನಿಯ ಸಂಶೋಧನೆ ಎಂದು ನಾನು ಒಪ್ಪುತ್ತೇನೆ, ಅದಕ್ಕೂ ಮೊದಲು ಇದು ಎಲ್ಲಿಯೂ ಇರಲಿಲ್ಲವೆಂದು ನನಗೆ ತಿಳಿದಿದೆ.

"ಇನ್ನೊಂದು ಸಲ ಓದು" ಎಂದೆ. ಓದಿದ.

ಚುಕ್ಕಿಯ ಕೈಯಲ್ಲಿ ಆಗಲೇ ಪೆನ್ನಿತ್ತು. ವಾರಗಟ್ಟಲೆ ನಿದ್ದೆ ಕಾಣದ ಮುಖ. ಸಹಿ ಮಾಡಿ ಕೈ ತೊಳೆದುಕೊಳ್ಳುತ್ತಾಳೆ ಎಂದು ನನಗೆ ಕಂಡುಹೋಯಿತು.

"ಹಾಕು, ಸಹಿ ಹಾಕು" ಎಂದೆ. "ಹಾಕಿ ಆದ ಮೇಲೆ ಟ್ರಂಕಿನಲ್ಲಿ ಅಪ್ಪನ ಬನಿಯನ್ನುಗಳಿವೆ, ಅದನ್ನೂ ಕಟ್ಟಿ ಅವರಿಗೇ ಕಳಿಸು. ಅದೂ ಅವರದ್ದೇ ಇರಬೇಕು. ಅಪ್ಪ ಅಂತ ಒಬ್ಬ ಇರಲೇ ಇಲ್ಲ ಅಂತಾನೂ ಬರೆದುಕೊಟ್ಟುಬಿಡು!"

"ಅಮ್ಮಾ, ಸಾಕು! ನಿಂಗೇನು, ಕೂತ ಕಡೆ ಬೈದ್ರೆ ಆಯ್ತು. ನಾಳೆ ಎಲ್ಲಾ ನಿಂತುಹೋದ್ರೆ ಜನಕ್ಕೆ ಉತ್ತರ ಕೊಡೋಳು ನಾನು. ಈ ಗಡ್ಡ ಏನು ಮಾಡ್ಬೇಕು? ಅಪ್ಪ ಇದ್ದಿದ್ರೆ ನಕ್ಕು ಬಿಡ್ತಿದ್ರು."

"ನಗ್ತಿದ್ರು. ಆದ್ರೆ ಅದು ನಂದಲ್ಲ ಅಂತ ಬರೆದುಕೊಡ್ತಿದ್ರಾ? ಬೋರ್ಡಿನ ಮೂಲೇಲಿ ಎಷ್ಟು ಚಿಕ್ಕದಾಗಿ ಹೆಸರು ಹಾಕ್ತಿದ್ರು, ಕಣ್ಣಿಗೇ ಕಾಣ್ತಿರಲಿಲ್ಲ. ಆದ್ರೂ ಹಾಕ್ತಿದ್ರು."

ಗಡ್ಡ ಎದ್ದು ಹೊರಗೆ ಹೋಗಿ ನಿಂತ. ಬ್ರಷ್ ಹೋಗುವುದು ಬೇರೆ, ಅದು ಇರಲೇ ಇಲ್ಲ ಎನ್ನುವುದು ಬೇರೆ. ನನಗೆ ಇದಕ್ಕಿಂತ ಚೆನ್ನಾಗಿ ಹೇಳಲು ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ.

ಚುಕ್ಕಿ ಪೆನ್ನಿನ ತುದಿಯನ್ನು ಕಚ್ಚುತ್ತ ಕೂತಿದ್ದವಳು ಆ ಸಾಲಿನ ಮೇಲೆ ಒಂದು ಗೆರೆ ಎಳೆದಳು. ಕಾಗದ ಹರಿಯುವ ಹಾಗೆ ಎಳೆದಳು. ಮೇಲ್ಗಡೆ ಅಪ್ಪ ಕಲಿಸಿದ ಬೋರ್ಡಿನ ಅಕ್ಷರದಲ್ಲಿ ಬರೆದಳು: ಇದು ನನ್ನ ಅಪ್ಪನ ಕೆಲಸ. ನಾನು ಇನ್ನು ಬಳಸುವುದಿಲ್ಲ. ಕೆಳಗೆ ಸಹಿ.

ವಕೀಲಮ್ಮ ಅದನ್ನು ನೋಡಿ ಹಣೆ ಚಚ್ಚಿಕೊಂಡಳು. "ಹೀಗೆಲ್ಲ ತಿದ್ದಬಾರದು ಕಣೆ, ಅವರು ಕೇಸೇ ಹಾಕಿದ್ರೆ?" ಎನ್ನುತ್ತಲೇ ಕಳಿಸಿದಳು. ಫೋನು ಬಡಿದುಕೊಂಡರೆ ಮೂವರೂ ಬೆಚ್ಚುತ್ತಿದ್ದೆವು. ಗಡ್ಡ ಬೇರೆ ಕೆಲಸಕ್ಕೆ ಅರ್ಜಿ ಹಾಕಿದ್ದಾನೆಂದು ನನಗೆ ಗೊತ್ತಿತ್ತು, ಕೇಳಲಿಲ್ಲ.

ಕೊನೆಗೆ ಉತ್ತರ ಬಂತು. ಹೊಸ ಕಾಗದ. ಅದರಲ್ಲಿ ಅವರ ಸಾಲೂ ಇರಲಿಲ್ಲ, ಚುಕ್ಕಿ ಬರೆದದ್ದೂ ಇರಲಿಲ್ಲ. ಬಳಸುವುದಿಲ್ಲ ಎಂಬುದಷ್ಟೇ.

"ಅಷ್ಟು ಸುಲಭಕ್ಕೆ ಬಿಟ್ರಾ?" ಎಂದು ಗಡ್ಡ ಕೇಳಿದ.

ವಕೀಲಮ್ಮ ಫೋನಿನಲ್ಲೇ ಹೇಳಿದಳು, "ಆ ಸಾಲು ಅವರಿಗೆ ಬೇಕೇ ಇರಲಿಲ್ಲವಂತೆ. ಎಲ್ಲ ಒಪ್ಪಂದಕ್ಕೂ ಸುಮ್ಮನೆ ಹಾಕ್ತಾರಂತೆ. ಬಹಳ ಜನ ಓದದೆ ಸಹಿ ಮಾಡ್ತಾರಂತೆ."

ಸುಮ್ಮನೆ ಹಾಕುತ್ತಾರಂತೆ! ನಾವು ಅಮ್ಮ ಮಗಳು ಯಾವ ಸಾಲಿಗೆ ಕಿತ್ತಾಡಿ ಅನ್ನ ಬಿಟ್ಟೆವೋ ಅದು ಅವರಿಗೆ ಹಾಳೆಯ ಕೊನೆಯ ಅಲಂಕಾರ. ಇದೊಂದನ್ನು ಕೇಳಿದ ದಿನ ನನಗೆ ಬಂದ ಸಿಟ್ಟು ನೋಟಿಸು ಬಂದ ದಿನವೂ ಬಂದಿರಲಿಲ್ಲ. ಎಷ್ಟು ಮನೆಯ ಅಪ್ಪಂದಿರು, ಅಜ್ಜಂದಿರು ಹೀಗೆ ಓದದ ಸಹಿಯ ಕೆಳಗೆ ಇರಲೇ ಇಲ್ಲ ಎಂದು ಆಗಿಹೋಗಿದ್ದಾರೋ.

ಬ್ರಷ್ ತೆಗೆಯುವ ದಿನ ಚುಕ್ಕಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಏನೇನೋ ಸಾಲುಗಳನ್ನು ಅಳಿಸಿದಳು. ಆಮೇಲೆ ಹಳದಿಯಲ್ಲಿ ಒಂದು ಗೆರೆ ಎಳೆದು, ಕೆಂಪು ಮುಟ್ಟಿ 'ಅ' ಬರೆದಳು. ಮೊದಲ ತುದಿಯಿಂದ ಕೊನೆಯ ತುದಿಯವರೆಗೆ ಅಚ್ಚ ಕೆಂಪು. ಚೊಕ್ಕವಾಗಿ ತೊಳೆದ ಬ್ರಷ್. ಸಂಸಾರ ಮಾಡಿದಷ್ಟು ಕಾಲವೂ ತೊಳೀರಿ ತೊಳೀರಿ ಎಂದು ಬಾಯಿ ಬಡಿದುಕೊಂಡವಳು ನಾನು. ನನ್ನ ಗಂಡ ಕೇಳಲಿಲ್ಲ. ಯಾರೋ ಟೈ ಕಟ್ಟಿದವನು ಬಂದು ತೊಳೆಸಿದ.

"ಆ ಜಾಗಕ್ಕೆ ಬೇರೆ ಬ್ರಷ್ ಹಾಕ್ಲಾ?" ಎಂದು ಗಡ್ಡ ಕೇಳಿದ. ಅವನು ಬೇರೆ ಕೆಲಸಕ್ಕೆ ಹೋಗಿರಲಿಲ್ಲ.

"ಬೇಡ. ಹಾಗೇ ಇರಲಿ" ಎಂದಳು ಚುಕ್ಕಿ.

ಪರದೆಯ ಮೇಲಿನ ಬ್ರಷ್ಷುಗಳ ಸಾಲಿನಲ್ಲಿ ಎಂಜಲಿನ ಮನೆ ಇವತ್ತಿಗೂ ಖಾಲಿ. ಬೆರಳಿಟ್ಟರೆ ಒಂದು ಮಾತು ಬರುತ್ತದೆ. ವಕೀಲಮ್ಮ ಒಪ್ಪಂದವನ್ನೆಲ್ಲ ಹುಡುಕಿ, ಇದನ್ನು ಹಾಕಬಾರದು ಎಂದು ಎಲ್ಲಿಯೂ ಬರೆದಿಲ್ಲ ಎಂದ ಮೇಲೆ ಚುಕ್ಕಿ ಹಾಕಿದ ಮಾತು: 'ಇಲ್ಲಿ ಎಂಜಲು ಇತ್ತು. ತೊಳೆಸಿದರು. ಯಾಕೆ ಎಂದು ಕೇಳಿ.'

ಕೇಳುತ್ತಾರೆ. ದಿನಾ ಯಾರಾದರೂ ಒಬ್ಬರು ಕೇಳುತ್ತಾರೆ. ಚುಕ್ಕಿ ಪ್ರತಿಯೊಬ್ಬರಿಗೂ ಮೊದಲಿನಿಂದ ಕೊನೆಯವರೆಗೆ ಬರೆಯುತ್ತಾಳೆ. ಅವಳಿಗೆ ಕೈ ಸೋತ ದಿನ ನಾನು ಹೇಳುತ್ತೇನೆ, ಗಡ್ಡ ಬರೆದುಕೊಳ್ಳುತ್ತಾನೆ. ಬೈಗುಳಗಳನ್ನು ಮಾತ್ರ ಅವನು ಬಿಟ್ಟುಬಿಡುತ್ತಾನೆ ಎಂದು ನನಗೆ ಗುಮಾನಿ. ಅದಕ್ಕೇ ಈ ಸಲ ನಾನೇ ಬರೆದೆ.